ಪಿಕಪ್‌ನ ಹಿಂದಿನ ಆಕ್ಸಲ್ ಬದಲಿಸಿದ ಮೇಲೆ ಬ್ರೇಕ್ ಪೈಪ್ ಜೋಡಿಸುವುದು ಹೇಗೆ?

ಆಕ್ಸಲ್ ಇಳಿಸಿ ಇನ್ನೊಂದನ್ನು ಕೂರಿಸುವುದು ಭಾರದ ಕೆಲಸ, ಅಷ್ಟೇ. ಜ್ಯಾಕ್ ಇದ್ದು ಇಬ್ಬರು ಸೇರಿದರೆ ಆಗಿಹೋಗುತ್ತದೆ. ಎಡವಟ್ಟಾಗುವುದು ಕೊನೆಗೆ, ಎಲ್ಲರಿಗೂ ಸುಸ್ತಾದಾಗ, ಬರೀ 4.75 ಮಿ.ಮೀ. ದಪ್ಪದ ಬ್ರೇಕ್ ಪೈಪ್ ಹತ್ತಿರ. ಇಲ್ಲಿ ಹೇಳುತ್ತಿರುವುದು ಬ್ರೇಕ್ ಆಯಿಲ್‌ ಮೇಲೆ ನಡೆಯುವ, ಹಿಂದೆ ಡ್ರಮ್ ಇರುವ ಗಾಡಿಗಳಿಗೆ ಮಾತ್ರ. ಏರ್ ಬ್ರೇಕ್ ಲಾರಿಯ ದಾರಿಯೇ ಬೇರೆ. ಅದರ ಸ್ಪ್ರಿಂಗ್ ಚೇಂಬರ್ (ಬಲವಾದ ಸ್ಪ್ರಿಂಗ್ ಒತ್ತಿಟ್ಟಿರುವ ಡಬ್ಬ) ಬಿಚ್ಚಲು ಹೋಗಲೇಬೇಡಿ, ಜೀವಕ್ಕೆ ಅಪಾಯ.

ಮುಂದಿನ ಚಕ್ರಕ್ಕೆ ಕಲ್ಲು ಕೊಡಿ, ಚಾಸಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಪೈಪ್ ನಟ್ ಬಿಚ್ಚಲು ಫ್ಲೇರ್ ನಟ್ ಸ್ಪ್ಯಾನರ್ ಬೇಕೇ ಬೇಕು. ಸಾದಾ ಸ್ಪ್ಯಾನರ್ ಹಾಕಿದರೆ ನಟ್ ಮೂಲೆ ಸವೆದು ಗುಂಡಗಾಗುತ್ತದೆ. ಆಕ್ಸಲ್‌ನಿಂದ ಚಾಸಿ ಮೇಲಿನ ಲೋಡ್ ಸೆನ್ಸಿಂಗ್ ವಾಲ್ವ್‌ಗೆ (ಹೊರೆಗೆ ತಕ್ಕಂತೆ ಹಿಂದಿನ ಬ್ರೇಕ್ ಒತ್ತಡ ಹೊಂದಿಸುವುದು ಇದೇ) ಒಂದು ಕಡ್ಡಿ ಹೋಗಿದ್ದರೆ, ಬಿಚ್ಚುವ ಮೊದಲೇ ಅದರ ನಟ್ ಎಲ್ಲಿತ್ತೆಂದು ಪೇಂಟ್‌ನಲ್ಲಿ ಗುರುತು ಹಾಕಿ. ಆ ಅಳತೆ ತಪ್ಪಿದರೆ ಹಿಂದಿನ ಬ್ರೇಕ್ ಒಂದೋ ಕಮ್ಮಿ ಹಿಡಿಯುತ್ತದೆ, ಇಲ್ಲಾ ಖಾಲಿ ಗಾಡಿಯಲ್ಲಿ ಚಕ್ರ ಲಾಕ್ ಆಗುತ್ತದೆ.

ಗುಜರಿಯಿಂದ ತಂದ ಆಕ್ಸಲ್ ಜೊತೆ ಬರುವ ಹಳೇ ಪೈಪ್ ನಂಬಬೇಡಿ. ಹೊಸದು ಹಾಕಿ. ತಾಮ್ರದ ಪೈಪ್ ಬಗ್ಗಿಸಲು ಸುಲಭ ಅಂತ ಕೆಲವರು ಅದನ್ನೇ ಹಾಕುತ್ತಾರೆ. ಅದು ಅದುರಿ ಅದುರಿ ಬಿರುಕು ಬಿಡುತ್ತದೆ. ಸ್ಟೀಲ್ ಅಥವಾ ಕಾಪರ್-ನಿಕಲ್ ಮಿಶ್ರಲೋಹದ ಪೈಪ್ ಇರಲಿ. ಹಾಗೇ ವೀಲ್ ಸಿಲಿಂಡರ್ (ಡ್ರಮ್ ಒಳಗೆ ಬ್ರೇಕ್ ಶೂ ತಳ್ಳುವುದು) ಕಿಟ್ ಕೂಡ ಬದಲಿಸಿ, ಹೇಗಿದ್ದರೂ ಡ್ರಮ್ ಬಿಚ್ಚಿರುತ್ತೀರಿ.

ಈಗ ಫ್ಲೇರ್, ಅಂದರೆ ಪೈಪಿನ ತುದಿಯನ್ನು ಅಗಲಿಸಿ ಆಕಾರ ಕೊಡುವುದು. ಜಾಸ್ತಿ ಜನ ಕೆಡಿಸುವುದು ಇದನ್ನೇ. ಪೈಪನ್ನು ಟ್ಯೂಬ್ ಕಟರ್‌ನಿಂದ ಕತ್ತರಿಸಿ, ಗರಗಸ ಬೇಡ. ಒಳಗಿನ, ಹೊರಗಿನ ಮುಳ್ಳು ಕೆರೆದು ಪುಡಿ ಊದಿ ತೆಗೆಯಿರಿ. ಆಮೇಲೆ ನಟ್ ಪೋಣಿಸಿ, ಅದಾದ ಮೇಲೇ ಫ್ಲೇರ್ ಮಾಡಿ. ನಗಬೇಡಿ, ಚಂದದ ಫ್ಲೇರ್ ಮಾಡಿ ನಟ್ ಮರೆತು, ಮತ್ತೆ ಕತ್ತರಿಸುವವರನ್ನು ಎಷ್ಟೋ ಸಲ ನೋಡಿದ್ದೇನೆ. ಹಳೇ ಪೈಪಿನ ತುದಿ ನೋಡಿ: ಒಳಕ್ಕೆ ಮಡಚಿದ ಡಬಲ್ ಫ್ಲೇರ್ ಇದ್ದರೆ ಅದೇ, ಗುಳ್ಳೆಯಂಥ ಬಬಲ್ ಫ್ಲೇರ್ ಇದ್ದರೆ ಅದೇ ಮಾಡಿ. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಸಿಂಗಲ್ ಫ್ಲೇರ್ ಅಂತೂ ಬೇಡವೇ ಬೇಡ, ಒತ್ತಡಕ್ಕೆ ಸೀಳುತ್ತದೆ. ತುದಿ ಒಂದು ಪಕ್ಕಕ್ಕೆ ವಾಲಿದ್ದರೆ ಸಂಕಟಪಡದೆ ಕತ್ತರಿಸಿ ಬಿಸಾಕಿ.

ನಟ್ ಮೊದಲ ಮೂರು ಸುತ್ತು ಬೆರಳಲ್ಲೇ ಹೋಗಬೇಕು. ಬಿಗಿ ಅನ್ನಿಸಿದರೆ ಥ್ರೆಡ್ ಅಡ್ಡ ಹಿಡಿದಿದೆ ಎಂದರ್ಥ, ಹಿಂದೆ ತಿರುಗಿಸಿ. ಸೋರುತ್ತದೆಂದು ಟೆಫ್ಲಾನ್ ಟೇಪ್ ಸುತ್ತುವವರಿದ್ದಾರೆ. ಸೀಲ್ ಆಗುವುದು ಥ್ರೆಡ್‌ನಲ್ಲಲ್ಲ, ಫ್ಲೇರ್‌ನ ಮುಖದಲ್ಲಿ. ಟೇಪ್ ಚೂರು ಒಳಗೆ ಹೋದರೆ ಅದು ಬೇರೆ ತಲೆನೋವು.

ಚಾಸಿಯಿಂದ ಆಕ್ಸಲ್‌ಗೆ ಬರುವ ರಬ್ಬರ್ ಹೋಸ್ ತಿರುಚಿರಬಾರದು. ಅದರ ಮೇಲೆ ಗೆರೆ ಇದ್ದರೆ ಅದು ನೇರವಾಗಿರಲಿ. ಆಕ್ಸಲ್ ಪೂರ್ತಿ ಕೆಳಗೆ ಜೋತಾಡಿದಾಗಲೂ ಹೋಸ್ ಸಡಿಲವಾಗಿರಬೇಕು. ಸ್ಟೀಲ್ ಪೈಪ್ ಯು-ಬೋಲ್ಟ್ ಕೆಳಗೆ ಸಿಕ್ಕಿಕೊಂಡಿಲ್ಲ ತಾನೇ? ನೋಡಿ. ಹೋಸ್‌ಗೆ ತಾಮ್ರದ ವಾಷರ್ ಇದ್ದರೆ ಹೊಸದೇ ಹಾಕಿ.

ಏರ್ ತೆಗೆಯುವ ಮೊದಲು ಬ್ರೇಕ್ ಶೂ ಅಡ್ಜಸ್ಟ್ ಮಾಡಿ. ಶೂ ಸಡಿಲವಿದ್ದರೆ ಪೆಡಲ್ ಕೆಳಗೆ ಹೋಗುತ್ತದೆ, ಜನ ಸುಮ್ನೆ ಏರ್ ಇದೆ ಅಂತ ಬಾಟಲಿಗಟ್ಟಲೆ ಆಯಿಲ್ ಸುರಿಯುತ್ತಾರೆ. ಆಯಿಲ್ ಡಾಟ್ 3 ಅಥವಾ ಡಾಟ್ 4, ಗಾಡಿಯ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವುದು. ಮೊದಲೇ ತೆರೆದಿಟ್ಟ ಬಾಟಲಿ ಬೇಡ, ಅದು ತೇವ ಹೀರಿರುತ್ತದೆ. ಹೊಸ ಡಾಟ್ 4 ಕಮ್ಮಿಯೆಂದರೂ 230 ಡಿಗ್ರಿವರೆಗೆ ಕುದಿಯುವುದಿಲ್ಲ, ನೀರು ಸೇರಿದರೆ 155ರ ಹೊತ್ತಿಗೇ ಕುದಿಯಬಹುದು. ಪಾರ್ಟ್ಸ್ ತೊಳೆಯಲು ಡೀಸೆಲ್ ಬೇಡ, ರಬ್ಬರ್ ಊದಿಕೊಳ್ಳುತ್ತದೆ.

ಏರ್ ತೆಗೆಯುವಾಗ ಆಕ್ಸಲ್ ಮೇಲೆ ಗಾಡಿಯ ಭಾರ ಬರುವಂತೆ ಸ್ಟ್ಯಾಂಡನ್ನು ಆಕ್ಸಲ್ ಕೆಳಗೆ ಕೊಡಿ. ಇಲ್ಲದಿದ್ದರೆ ಲೋಡ್ ವಾಲ್ವ್ ಗಾಡಿ ಖಾಲಿ ಅಂತ ತಿಳಿದು ಒತ್ತಡ ತಡೆಯುತ್ತದೆ. ನಮ್ಮ ಬಲಗೈ ಸ್ಟೇರಿಂಗ್ ಗಾಡಿಗಳಲ್ಲಿ ಸಾಮಾನ್ಯವಾಗಿ ಹಿಂದಿನ ಎಡ ಚಕ್ರ ಮೊದಲು, ಆಮೇಲೆ ಬಲ. ಪೆಡಲ್ ನಿಧಾನಕ್ಕೆ ಒತ್ತಿಸಿ, ಏರ್ ಹೊರಬಿಡಲು ಸಡಿಲಿಸಿದ ನಿಪ್ಪಲ್ ಮುಚ್ಚಿದ ಮೇಲಷ್ಟೇ ಕಾಲೆತ್ತಲು ಹೇಳಿ. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಹಳೇದಾದರೆ ಪೆಡಲ್ ಕೆಳಗೆ ಮರದ ತುಂಡಿಡಿ, ಪೂರ್ತಿ ಒತ್ತಿದರೆ ಒಳಗಿನ ಸೀಲ್ ಹರಿಯಬಹುದು.

ಪೆಡಲ್ ಗಟ್ಟಿಯಾದ ಮೇಲೆ ಜೋಡಣೆಗಳನ್ನೆಲ್ಲ ಒರೆಸಿ, ಒಬ್ಬರು ಜೋರಾಗಿ ಒತ್ತಿ ಹಿಡಿದಿರಲಿ. ಇನ್ನೊಬ್ಬರು ಪ್ರತಿ ಜೋಡಣೆಗೂ ಒಣ ಟಿಶ್ಯೂ ಒತ್ತಿ ನೋಡಲಿ. ಒದ್ದೆಯಾದರೆ ಗಾಡಿ ಹೊರಗೆ ಹೋಗುವಂತಿಲ್ಲ. ಒಣಗಿದ್ದರೆ ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಓಡಿಸಿ, ಮೊದಲ ಲೋಡ್ ಇಳಿಸಿದ ಮೇಲೆ ಮತ್ತೆ ಇದೇ ಪರೀಕ್ಷೆ ಮಾಡಿ.