ಸನ್‌ಬೋರ್ಡ್ ಹರಿಕೇನ್, ಮೂರು ರಿಮೋಟು, ಒಂದು ಫ್ಲೈಪಾಸ್ಟು

ಆಗಲ್ಲ ಅಂದೋರೇ ಜಾಸ್ತಿ ಇದ್ರು, ಅದಕ್ಕೇ ಬರೀತಿದ್ದೀನಿ. ಮೂರು ಆರ್‌ಸಿ (ರಿಮೋಟಲ್ಲಿ ಹಾರಿಸೋ) ಹರಿಕೇನ್, ಅಂದ್ರೆ ಎರಡನೇ ಮಹಾಯುದ್ಧದ ಫೈಟರ್ ವಿಮಾನದ ಮಾಡೆಲ್, ಒಟ್ಟಿಗೆ ವಿ ಆಕಾರದಲ್ಲಿ ಹಾರಿಸಿ, ತಲೆ ಮೇಲೆ ಬಂದಾಗ ಬಲಗಡೆದನ್ನ ಮೇಲಕ್ಕೆ ಎಳೆದು ಮಿಸ್ಸಿಂಗ್ ಮ್ಯಾನ್ (ತೀರಿಕೊಂಡೋರ ಗೌರವಕ್ಕೆ ಒಂದು ಜಾಗ ಖಾಲಿ ಬಿಡೋದು) ಮಾಡ್ತೀವಿ ಅಂದ್ರೆ ಬೆಂಗಳೂರಿನ ಸೀನಿಯರ್‌ಗಳು "ಸನ್‌ಬೋರ್ಡ್‌ನಲ್ಲಾ? ಮೊದ್ಲು ಒಂದನ್ನ ನೆಟ್ಟಗೆ ಇಳಿಸಪ್ಪ" ಅಂತ ನಕ್ಕರು. ಸನ್‌ಬೋರ್ಡ್ ಅಂದ್ರೆ ಬೋರ್ಡು ಮಾಡೋಕೆ ಬಳಸೋ ಫೋಮ್ ಶೀಟು. ಅಕ್ಟೋಬರ್ 8, ಏರ್‌ಫೋರ್ಸ್ ಡೇ ದಿನ, ಕೋಲಾರದ ಹೊರಗೆ ಆಯ್ತು. ವಿಡಿಯೋ ಇದೆ, ನಕ್ಕೋರಿಗೆಲ್ಲಾ ಕಳಿಸಿದೀನಿ.

ಯಾರಿಗೋಸ್ಕರ ಅಂದ್ರೆ, ನಮ್ಮ ಬೀದಿಯ ಒಬ್ಬ ತಾತ ಯುದ್ಧದ ಟೈಮಲ್ಲಿ ಬರ್ಮಾ ಕಡೆ ಹರಿಕೇನ್‌ಗೆ ಫಿಟ್ಟರ್ ಆಗಿದ್ರು, ಈಗಿಲ್ಲ. ಅವರ ಮಗ "ಶಾಲು ಭಾಷಣ ಏನೂ ಬೇಡಪ್ಪ, ಒಂದ್ಸಲ ಹಾರಿಸು" ಅಂದ್ರು. ಇಂಗ್ಲೆಂಡಲ್ಲಿ ಈ ಕೆಲಸಕ್ಕೇ ಅಂತ 1957ರಿಂದ ಏರ್‌ಫೋರ್ಸಲ್ಲಿ ಒಂದು ತಂಡಾನೇ ಇಟ್ಕೊಂಡಿದಾರೆ, ಲ್ಯಾಂಕಾಸ್ಟರ್, ಸ್ಪಿಟ್‌ಫೈರ್, ಹರಿಕೇನ್ ಅಂತ ಯುದ್ಧದ ಕಾಲದ ವಿಮಾನ, ಎಲ್ಲಾ ನಿಜವಾದವೇ. ನಮ್ಮ ಏರ್‌ಫೋರ್ಸ್ ಹತ್ರಾನೂ ಪರಶುರಾಮ ಅನ್ನೋ ಹಳೇ ಡಕೋಟಾ ಸಾಗಣೆ ವಿಮಾನ ಇದೆ, ಆದ್ರೆ ಒಂದು ಬೀದಿ ತಾತನಿಗೆ ಅದನ್ನ ಯಾರು ಕರೆಸ್ತಾರೆ.

ಮೊದ್ಲು ಮಾಡಿದ್ದು ಬಾಲ್ಸಾ (ತುಂಬಾ ಹಗುರ ಮರ) ಸ್ಪಿಟ್‌ಫೈರ್, ಹದಿನಾಲ್ಕು ಸಾವಿರದ ಹತ್ರ ಬಿತ್ತು. ನೋಡೋಕೆ ರಾಣಿ. ಆ ಚೂಪು ರೆಕ್ಕೆ ನಿಧಾನ ಆದ ತಕ್ಷಣ ತುದಿ ಸ್ಟಾಲ್ ಆಗುತ್ತೆ, ಅಂದ್ರೆ ಎತ್ತೋ ಬಲ ಕಳ್ಕೊಳ್ಳುತ್ತೆ, ವಾಷ್‌ಔಟ್ (ತುದಿಯನ್ನ ಸ್ವಲ್ಪ ಕೆಳಕ್ಕೆ ತಿರುಚೋದು) ಕೊಟ್ಟಿದ್ರೂ ತಿರುವಲ್ಲಿ ಮಗುಚಿ ಪಕ್ಕದ ಟೊಮೆಟೊ ತೋಟಕ್ಕೆ ಹೋಯ್ತು, ತೋಟದವರಿಗೆ ಬೇರೆ ಐನೂರು. ಎರಡನೇದು ಏಪ್ರಿಲ್ ಬಿಸಿಲಲ್ಲಿ ಕಾರೊಳಗಿದ್ದು ರೆಕ್ಕೆ ಬುಡದ ಅಂಟು ಬಿಟ್ಕೊಳ್ತು. 1944ರಲ್ಲಿ ಮಾಸ್ಕಿಟೊಗಳಿಗೂ ಇಂಥದ್ದೇ ಗತಿ, ಪ್ಲೈವುಡ್ಡು ಬಾಲ್ಸಾದ ಯುದ್ಧವಿಮಾನ, ನಮ್ಮ ದೇಶದ ಹವೆಗೆ ಅಂಟು ಬಿಡ್ತಿದೆ ಅನ್ನೋ ಅನುಮಾನಕ್ಕೆ ಸ್ವಲ್ಪ ಕಾಲ ಹಾರಾಟಾನೇ ನಿಲ್ಲಿಸಿದ್ರು. ಅಲ್ಲಿಗೆ ಬಾಲ್ಸಾಗೆ ನಮಸ್ಕಾರ.

ಹರಿಕೇನ್ ದಪ್ಪ ರೆಕ್ಕೆ, ಕ್ಷಮಿಸುತ್ತೆ. ನಿಜವಾದ್ದು 40 ಅಡಿ, ನಮ್ಮದು ಎಂಟನೇ ಒಂದು ಭಾಗ, 5 ಅಡಿ. 5 ಎಂಎಂ ಸನ್‌ಬೋರ್ಡು, ಒಳಗೆ ಬಿದಿರು ಸೀಳು, ಒಂದೊಂದು ಒಂದೂಮುಕ್ಕಾಲು ಕೆಜಿ ಆಸುಪಾಸು, ಬ್ಯಾಟರಿ ಸೇರಿ ಒಂಬತ್ತು ಸಾವಿರ ಚಿಲ್ಲರೆ.

ಫಾರ್ಮೇಶನ್ ಕೆಡೋದು ಕೈಯಿಂದ ಅಂತ ಎಲ್ಲರೂ ಹೇಳ್ತಾರೆ, ನನ್ನ ಪ್ರಕಾರ ಮೋಟಾರಿಂದ. ಒಂದೇ ಕೆವಿ (ವೋಲ್ಟಿಗೆ ಎಷ್ಟು ಸುತ್ತು ಅನ್ನೋ ಲೆಕ್ಕ) ಬರೆದಿರೋ ಮೋಟಾರು ವಾಟ್ ಮೀಟರ್‌ಗೆ ಹಾಕಿದ್ರೆ ಒಂದೊಂದು ಒಂದೊಂದು ತೋರಿಸುತ್ತೆ. ಏಳೆಂಟು ತರಿಸಿ ಹೊಂದೋ ಮೂರು ಇಟ್ಕೊಂಡೆ, ಉಳಿದಿದ್ದು ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ. ತೂಕಾನೂ ಸಮ ಮಾಡ್ಬೇಕು, ಕಮ್ಮಿ ಇದ್ದದ್ದಕ್ಕೆ ಸಿಜಿ (ತೂಕ ಸಮತೂಗೋ ಜಾಗ) ಹತ್ರ ಕಬ್ಬಿಣದ ವಾಷರ್ ಅಂಟಿಸಿ ಅಡುಗೆ ತಕ್ಕಡೀಲಿ ನೋಡಿದ್ದು, ಹೆಂಡತಿ ಬೈದಳು. ಲೀಡರ್ ಥ್ರಾಟಲ್ ಅರ್ಧಕ್ಕಿಂತ ಸ್ವಲ್ಪ ಮೇಲೆ, ಆಮೇಲೆ ಅದನ್ನ ಮುಟ್ಟೋ ಹಾಗಿಲ್ಲ, ಅಕ್ಕಪಕ್ಕದೋರು ಅಡ್ಜಸ್ಟ್ ಮಾಡ್ಕೋಬೇಕು. ಪೈಲಟ್‌ಗಳೂ ವಿಮಾನದ ಆರ್ಡರಲ್ಲೇ ನಿಂತ್ಕೋಬೇಕು. ಮೇಲೆ ಎಳೆಯುವಾಗ ಮೂಗು ಅಡ್ಡ ಹೋಗದ ಹಾಗೆ ರಿಮೋಟಲ್ಲಿ ಒಂದು ಮಿಕ್ಸ್ (ಒಂದು ಕಂಟ್ರೋಲ್ ಎಳೆದ್ರೆ ಇನ್ನೊಂದೂ ತಾನೇ ಆಡೋ ಸೆಟ್ಟಿಂಗು) ಹಾಕಿದೀನಿ, ಅದು ಇಲ್ಲಿ ಬರೆಯಲ್ಲ, ಮನೆಗೆ ಬಂದು ಕಾಫಿ ಕುಡಿದೋರಿಗೆ ಮಾತ್ರ.

ಬಣ್ಣ ನೋಡಿ ಒಬ್ಬ "ಅಣ್ಣ ರೌಂಡಲ್‌ನಲ್ಲಿ (ರೆಕ್ಕೆ ಮೇಲಿನ ದುಂಡು ಗುರುತು) ಕೆಂಪೇ ಇಲ್ಲ, ಮರೆತ್ಬಿಟ್ರಾ" ಅಂದ. ಮರೆತಿಲ್ಲ ಗುರು. ಬರ್ಮಾ ಕಡೆ ಜಪಾನಿನವರ ಕೆಂಪು ಸೂರ್ಯ ಅಂದ್ಕೊಂಡು ನಮ್ಮವರೇ ನಮ್ಮವರನ್ನ ಹೊಡೀಬಾರ್ದು ಅಂತ ಕೆಂಪು ತೆಗೆದು ಗಾಢ ನೀಲಿ, ತಿಳಿ ನೀಲಿ ಎರಡೇ ಉಳಿಸಿದ್ರು. 1944ರಲ್ಲಿ ಇಂಫಾಲದಲ್ಲಿ ಅರ್ಜನ್ ಸಿಂಗ್ ಅವರ ಒಂದನೇ ಸ್ಕ್ವಾಡ್ರನ್ ಹರಿಕೇನ್ ಹಾರಿಸ್ತಿದ್ದಾಗ ಇದೇ ಗುರುತು.

ಮರ್ಲಿನ್ ಇಂಜಿನ್ ಸೌಂಡಿಗೆ ಅಂತ ಹೊಟ್ಟೆಯೊಳಗೆ ಸಣ್ಣ ಸ್ಪೀಕರ್ ಇಟ್ಟು ನೋಡಿದೆ, ಕೆಳಗಿದ್ದೋರಿಗೆ ಸೊಳ್ಳೆ ಥರ ಕೇಳಿಸ್ತು. ಕೊನೆಗೆ ಗಣೇಶನ ಪೆಂಡಾಲಿಗೆ ಹಾಕೋ ಹಾರ್ನ್ ಸೆಟ್ ಎಂಟ್ನೂರಕ್ಕೆ ಬಾಡಿಗೆ ತಂದು ನೆಲದ ಮೇಲಿಟ್ವಿ.

ಜಾಗದ್ದೇ ತಲೆನೋವು. ಮೊದ್ಲು ಒಣಗಿದ ಕೆರೆ ಅಂಗಳ ಇತ್ತು, ಕೆಸಿ ವ್ಯಾಲಿ ನೀರು (ಬೆಂಗಳೂರಿಂದ ಶುದ್ಧ ಮಾಡಿ ಕಳಿಸೋ ಕೊಳಚೆ ನೀರು) ಬಂದ್ಮೇಲೆ ಕೆರೆ ತುಂಬ್ತು, ರೈತರಿಗೆ ಒಳ್ಳೇದು ನಮಗೆ ರನ್‌ವೇ ಹೋಯ್ತು. ಈಗ ಸೈಟು ಮಾರಾಟ ಆಗದ ಒಂದು ಲೇಔಟಿನ ಟಾರ್ ರೋಡು, ಡ್ರೋನ್ ಮ್ಯಾಪಲ್ಲಿ ಗ್ರೀನ್ ಝೋನ್ (ಹಾರಿಸೋಕೆ ಅಡ್ಡಿ ಇಲ್ಲದ ಜಾಗ) ನೋಡ್ಕೊಂಡು, ಪೊಲೀಸ್ ಸ್ಟೇಷನ್‌ಗೂ ಹೇಳಿಟ್ಟು ಹಾರಿಸ್ತೀವಿ.

ಒಟ್ಟು ಅರವತ್ತು ಸಾವಿರ ದಾಟಿದೆ, ಬಿದ್ದು ಒಡೆದಿದ್ದೆಲ್ಲಾ ಸೇರಿ. ತಾತನ ಮಗ ಐದು ಸಾವಿರ ಕೊಡೋಕೆ ಬಂದ್ರು, ತಗೊಳ್ಳಲಿಲ್ಲ. ಜೊತೆಗೆ ಹಾರಿಸಿದ ಇಬ್ಬರೂ ಬ್ಯಾಟರಿ ದುಡ್ಡು ಇನ್ನೂ ಕೊಟ್ಟಿಲ್ಲ, ಅದನ್ನ ಬಿಡೋದಿಲ್ಲ.