ಆಯುಷ್ಮಾನ್ ಕಾರ್ಡ್ ಇದ್ದರೆ ಕೌನ್ಸೆಲಿಂಗ್ ಎಲ್ಲಿ ಸಿಗುತ್ತದೆ?

"ನಮ್ಮ ಹತ್ತಿರ ಆಯುಷ್ಮಾನ್ ಕಾರ್ಡ್ ಇದೆ, ಕೌನ್ಸೆಲರ್‌ಗೆ ತೋರಿಸಿದರೆ ನಡೆಯುತ್ತಾ?" ಎರಡು ವರ್ಷದ ಹಿಂದೆ ತಮ್ಮನನ್ನು ಕರೆದುಕೊಂಡು ಇದೇ ಪ್ರಶ್ನೆ ಕೇಳುತ್ತಾ ನಾನು ಊರೂರು ಅಲೆದಿದ್ದೇನೆ. ಡಿಗ್ರಿ ಮುಗಿಸಿ ಮನೆಗೆ ಬಂದವನು ಮೂರು ತಿಂಗಳು ಸರಿಯಾಗಿ ಮಲಗಿರಲಿಲ್ಲ, ಊಟಕ್ಕೆ ಕರೆದರೆ ಮಾತ್ರ ಎದ್ದು ಬರುತ್ತಿದ್ದ. ಗೊತ್ತಿದ್ದವರೊಬ್ಬರು ಖಾಸಗಿ ಆಸ್ಪತ್ರೆಯೊಂದರ ಹೆಸರು ಹೇಳಿದರು. ಕೌಂಟರಿನಲ್ಲಿ "ಆಯುಷ್ಮಾನ್ ನಡೆಯುತ್ತೆ, ಕೂತ್ಕೊಳ್ಳಿ" ಅಂದರು. ಒಳಗೆ ಹೋಗಿ ಬಂದ ಮೇಲೆ ಬಿಲ್ ಕೊಟ್ಟರು. ಅಪ್ಪನ ಮುಖ ಇವತ್ತಿಗೂ ಕಣ್ಣ ಮುಂದಿದೆ.

ನಿಮಗೆ ಹಾಗಾಗಬಾರದು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾರ್ಡಿನ ವಿಷಯ. ಕೇಂದ್ರದ ಆಯುಷ್ಮಾನ್ ಭಾರತ್ ಮತ್ತು ರಾಜ್ಯದ ಆರೋಗ್ಯ ಕರ್ನಾಟಕ ಎರಡೂ 2018ರಲ್ಲಿ ಸೇರಿ ಒಂದೇ ಯೋಜನೆ ಆದವು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಖರ್ಚಿನ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದವರೆಗೆ. ಮಾನಸಿಕ ಕಾಯಿಲೆಗಳೂ ಇದರಲ್ಲಿ ಬರುತ್ತವೆ. ಆದರೆ ಈ ಹಣ ಮುಖ್ಯವಾಗಿ ಆಸ್ಪತ್ರೆಯಲ್ಲಿ ಅಡ್ಮಿಟ್ ಆದವರಿಗೆ. ವಾರಕ್ಕೊಮ್ಮೆ ಹೋಗಿ, ಮುಕ್ಕಾಲು ಗಂಟೆ ಕೂತು, ಮಾತಾಡಿ ಬರುವ ಕೌನ್ಸೆಲಿಂಗಿಗೆ ಅಲ್ಲ. ಹಾಗಾಗಿ "ಈ ಕಾರ್ಡ್ ತಗೊಳ್ಳೋ ಕೌನ್ಸೆಲರ್ ಯಾರು" ಅಂತ ಹುಡುಕಿದರೆ ಸಿಗುವುದಿಲ್ಲ. "ಹತ್ತಿರದ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ, ಯಾವ ದಿನ ಸಿಗುತ್ತಾರೆ" ಅಂತ ಹುಡುಕಿ. ಅಲ್ಲಿ ಕೌನ್ಸೆಲಿಂಗಿಗೆ ವಿಮೆಯೇ ಬೇಡ, ಕೆಲವೇ ರೂಪಾಯಿಯ ಓಪಿ ಚೀಟಿ ಸಾಕು.

ಮನೆಯಲ್ಲೇ ಕೂತು ಶುರು ಮಾಡಬಹುದು. 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಸಹಾಯವಾಣಿ. ನಮ್ಮ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ನಡೆಯುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೊದಲು ತರಬೇತಿ ಪಡೆದ ಕೌನ್ಸೆಲರ್ ಮಾತಾಡುತ್ತಾರೆ, ಬೇಕಾದರೆ ಅವರೇ ತಜ್ಞರಿಗೆ ಕೊಡುತ್ತಾರೆ. ಮಾತೆಲ್ಲ ಮುಗಿದ ಮೇಲೆ ಫೋನ್ ಇಡಬೇಡಿ. "ನಾನು ಇಂಥ ತಾಲ್ಲೂಕಿನವಳು, ನೇರವಾಗಿ ಹೋಗಿ ಕಾಣಬೇಕು, ಹತ್ತಿರದಲ್ಲಿ ಎಲ್ಲಿಗೆ ಹೋಗಲಿ" ಅಂತ ಕೇಳಿ, ಹೇಳಿದ್ದನ್ನು ಬರೆದುಕೊಳ್ಳಿ.

ಇನ್ನು ಆಸ್ಪತ್ರೆ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಇದೆ, ಆಸ್ಪತ್ರೆಯಲ್ಲಿ ಎಲ್ಲರೂ ಡಿಎಂಎಚ್‌ಪಿ ಅಂತಲೇ ಕರೆಯುತ್ತಾರೆ. ನಮ್ಮ ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಮಾಡಿ ತೋರಿಸಿದ್ದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ದೇಶದಲ್ಲಿ ಶುರು ಮಾಡಿದ್ದು ಇದು. ನನಗೆ ಇದನ್ನು ಹೇಳುವಾಗ ಹೆಮ್ಮೆ ಆಗುತ್ತದೆ, ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಈ ತಂಡದಲ್ಲಿ ಮನೋವೈದ್ಯರು ಮಾತ್ರ ಅಲ್ಲ, ಕ್ಲಿನಿಕಲ್ ಸೈಕಾಲಜಿಸ್ಟ್, ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್, ನರ್ಸ್ ಹುದ್ದೆಗಳೂ ಇರುತ್ತವೆ. ಕೌನ್ಸೆಲಿಂಗ್ ಮಾಡುವವರು ಮುಖ್ಯವಾಗಿ ನಡುವಿನ ಆ ಇಬ್ಬರು.

ಜಿಲ್ಲಾ ಆಸ್ಪತ್ರೆ ದೂರ ಆದರೆ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಮನೋಚೈತನ್ಯ ಅಂತ ರಾಜ್ಯ ಸರ್ಕಾರದ ಕಾರ್ಯಕ್ರಮ ಇದೆ, ಮನೋವೈದ್ಯರು ಮಂಗಳವಾರ ತಾಲ್ಲೂಕಿಗೇ ಬಂದು ನೋಡುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅನ್ನುವುದನ್ನು ಸೋಮವಾರವೇ ಆಸ್ಪತ್ರೆಗೆ ಫೋನ್ ಮಾಡಿಯೋ ಆಶಾ ಕಾರ್ಯಕರ್ತೆಯನ್ನು ಕೇಳಿಯೋ ತಿಳಿದುಕೊಳ್ಳಿ. ಡಾಕ್ಟರ್ ರಜೆ ಇದ್ದು, ಒಂದು ದಿನದ ಕೂಲಿ ಬಿಟ್ಟು ಬಂದವರು ಸುಮ್ನೆ ವಾಪಸ್ ಹೋಗಿದ್ದನ್ನು ನಾನೇ ನೋಡಿದ್ದೇನೆ.

ಒಳಗೆ ಹೋದ ಮೇಲೆ ಒಂದು ಗೊಂದಲ ಆಗಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ "ಆಪ್ತ ಸಮಾಲೋಚಕರು" ಅನ್ನುವ ಬೋರ್ಡ್ ಕಂಡರೆ ಅದೇ ನಿಮಗೆ ಬೇಕಾದ ಕೋಣೆ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಅದು ಐಸಿಟಿಸಿ, ಅಂದರೆ ಎಚ್‌ಐವಿ ಪರೀಕ್ಷೆಯ ಕೇಂದ್ರ. ನಾವು ಮೊದಲು ಹೋಗಿ ನಿಂತಿದ್ದು ಅಲ್ಲೇ. ಆ ಮೇಡಂ ಒಂದು ಮಾತು ಜಾಸ್ತಿ ಕೇಳದೆ ಎದ್ದು ಬಂದು, ಇಂಜೆಕ್ಷನ್ ರೂಮಿನ ಪಕ್ಕದ ಕೋಣೆ ತೋರಿಸಿದರು. ಚೀಟಿ ಮಾಡಿಸುವಾಗಲೇ "ಮಾನಸಿಕ ಆರೋಗ್ಯ ವಿಭಾಗ" ಅಂತ ಹೇಳಿ. ಜೋರಾಗಿ ಹೇಳಲು ಮುಜುಗರ ಆದರೆ ಒಂದು ಕಾಗದದ ಮೇಲೆ ಬರೆದು ಕೊಡಿ.

ಆ ಕೋಣೆಗೆ ಬಾಗಿಲಿರಲಿಲ್ಲ, ಹಸಿರು ಪರದೆ ಇತ್ತು. ಒಳಗಿದ್ದ ಸೋಶಿಯಲ್ ವರ್ಕರ್ ತಮ್ಮನನ್ನು ಕೇಳಿದ ಮೊದಲ ಪ್ರಶ್ನೆ, "ತಿಂಡಿ ತಿಂದು ಬಂದ್ಯಾ?" ಆಮೇಲೆ ನನ್ನ ಕಡೆ ತಿರುಗಿ, ನೀವು ಸ್ವಲ್ಪ ಹೊರಗೆ ಕೂತಿರಿ ಅಂದರು. ಪರದೆ ನೆಲದವರೆಗೆ ಇರಲಿಲ್ಲ, ಬೆಂಚಿನಿಂದ ನನಗೆ ಅವನ ಕಾಲು ಮಾತ್ರ ಕಾಣುತ್ತಿತ್ತು. ಮೊದಲು ಹಿಮ್ಮಡಿ ಒಂದೇ ಸಮ ಕುಣಿಯುತ್ತಿತ್ತು. ಎಷ್ಟೋ ಹೊತ್ತಾದ ಮೇಲೆ ನೋಡಿದರೆ ಚಪ್ಪಲಿ ಬಿಟ್ಟು, ಎರಡೂ ಪಾದ ನೆಲಕ್ಕೆ ಊರಿ ಕೂತಿದ್ದ.

ಮನೆಯವರನ್ನು ಹೊರಗೆ ಕಳಿಸಿದರೆ ಬೇಜಾರು ಮಾಡಿಕೊಳ್ಳಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ರೋಗಿ ಹೇಳಿದ್ದನ್ನು ಗುಟ್ಟಾಗಿಡುವುದು ಅವರ ಕರ್ತವ್ಯ. ಸರ್ಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಪಡೆಯುವುದು ನಿಮ್ಮ ಹಕ್ಕು ಅಂತಲೂ ಅದೇ ಕಾಯ್ದೆ ಹೇಳುತ್ತದೆ. ದಯೆ ಬೇಡುವವರ ಹಾಗೆ ನಿಲ್ಲಬೇಕಾಗಿಲ್ಲ.

ಆದರೆ ರಶ್ ಇರುತ್ತದೆ, ಅದನ್ನು ಮುಚ್ಚಿಡಲ್ಲ. ಡಾಕ್ಟರ್ ಐದು ನಿಮಿಷ ನೋಡಿ ಮಾತ್ರೆ ಬರೆದು ಮುಂದಿನವರನ್ನು ಕರೆಯಬಹುದು. ಮಾತ್ರೆ ಬೇಡ ಅಂತಲ್ಲ, ಬೇಕಾದಾಗ ಬೇಕೇ ಬೇಕು. ಕೌನ್ಸೆಲಿಂಗೂ ಬೇಕು ಅಂತಿದ್ದರೆ ಬಾಯಿಬಿಟ್ಟು ಕೇಳಿ: "ಸಾರ್, ಮಾತಾಡೋದು ಇದೆ, ಸೈಕಾಲಜಿಸ್ಟ್ ಹತ್ತಿರ ಬರೆದು ಕೊಡಿ." ಅಲ್ಲಿ ಆ ಹುದ್ದೆ ಖಾಲಿ ಇದ್ದರೆ ಜಿಲ್ಲಾ ಆಸ್ಪತ್ರೆಗೆ ಅಥವಾ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ರೆಫರ್ ಮಾಡಿಸಿಕೊಳ್ಳಿ. ಆಧಾರ್, ರೇಷನ್ ಕಾರ್ಡ್, ಹಳೆಯ ಚೀಟಿ, ಈಗ ತಗೊಳ್ಳುತ್ತಿರುವ ಮಾತ್ರೆಯ ಸ್ಟ್ರಿಪ್ ಎಲ್ಲ ಒಂದು ಕವರಿನಲ್ಲಿ ಇರಲಿ.

ಆ ರೆಫರಲ್ ಚೀಟಿ ಜೋಪಾನ. ಮುಂದೆ ಅಡ್ಮಿಟ್ ಮಾಡಬೇಕಾಗಿ ಬಂದು, ಸರ್ಕಾರಿ ಆಸ್ಪತ್ರೆಯಲ್ಲಿ ಆ ಚಿಕಿತ್ಸೆ ಇಲ್ಲದೆ ಖಾಸಗಿಗೆ ಹೋಗಬೇಕಾದರೆ, ತುರ್ತು ಬಿಟ್ಟು ಉಳಿದ ಸಂದರ್ಭದಲ್ಲಿ ಅದಿಲ್ಲದೆ ಕಾರ್ಡ್ ನಡೆಯುವುದಿಲ್ಲ. ಯೋಜನೆಯಲ್ಲಿರುವ ಆಸ್ಪತ್ರೆಗಳಲ್ಲಿ ಕಾರ್ಡಿನ ಕೆಲಸ ನೋಡಿಕೊಳ್ಳಲು ಆರೋಗ್ಯಮಿತ್ರ ಅಂತ ಒಬ್ಬರು ಇರುತ್ತಾರೆ. ಬಿಲ್ ಕೌಂಟರಿನವರ ಮಾತು ನಂಬದೆ, ಚಿಕಿತ್ಸೆ ಶುರುವಾಗುವ ಮೊದಲೇ ಇವರನ್ನು ಕೇಳಿ. ನಾವು ಕೇಳಿರಲಿಲ್ಲ.

ಗಾರ್ಮೆಂಟ್ಸ್, ಫ್ಯಾಕ್ಟರಿ, ಸೆಕ್ಯುರಿಟಿ ಕೆಲಸದವರಿಗೆ ಇನ್ನೊಂದು ದಾರಿ ಇದೆ. ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗಿದ್ದು ಇಎಸ್ಐ, ಅಂದರೆ ಕಾರ್ಮಿಕರ ವಿಮೆಗೆ ಕಡಿತ ಆಗುತ್ತಿದ್ದರೆ, ಅಡ್ಮಿಟ್ ಆಗದೆ ತೋರಿಸಿಕೊಂಡು ಹೋಗುವುದೂ ಅದರಲ್ಲಿ ಸೇರಿದೆ, ಮನೆಯವರಿಗೂ ಸಿಗುತ್ತದೆ. ಮೊದಲು ನಿಮ್ಮ ಡಿಸ್ಪೆನ್ಸರಿಗೆ ಹೋಗಿ, ಮನೋವೈದ್ಯರಿರುವ ಇಎಸ್ಐ ಆಸ್ಪತ್ರೆಗೆ ಬರೆಸಿಕೊಳ್ಳಿ. ಬೆಂಗಳೂರಿನಲ್ಲಿ ರಾಜಾಜಿನಗರದ್ದು ದೊಡ್ಡದು. ಸಂಬಳದಿಂದ ತಿಂಗಳು ತಿಂಗಳು ದುಡ್ಡು ಹೋಗುತ್ತಿದ್ದರೂ ಇದನ್ನು ಬಳಸುವವರು ಕಮ್ಮಿ, ಅದು ನನಗೆ ತುಂಬ ಬೇಸರದ ವಿಷಯ.

ನಿಮ್ಹಾನ್ಸ್ ಬಗ್ಗೆ ಎಲ್ಲರಿಗೂ ಗೊತ್ತು. ಬಿಪಿಎಲ್‌ನವರಿಗೆ ಅಲ್ಲಿ ರಿಯಾಯಿತಿ ಇದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಆದರೆ ಕೌನ್ಸೆಲಿಂಗ್ ಒಂದೇ ಸಲಕ್ಕೆ ಮುಗಿಯುವುದಲ್ಲ ಅಲ್ವಾ? ರಾತ್ರಿ ಬಸ್ಸಿನಲ್ಲಿ ಹದಿನೈದು ದಿನಕ್ಕೊಮ್ಮೆ ಹೋಗಿ ಬರಲು ಎಷ್ಟು ಜನರಿಂದ ಆಗುತ್ತದೆ? ಕಾಯಿಲೆ ಕ್ಲಿಷ್ಟ ಇದ್ದರೆ ಅಲ್ಲಿಗೇ ಹೋಗಿ, ಇಲ್ಲದಿದ್ದರೆ ಹತ್ತಿರದ್ದೇ ಒಳ್ಳೆಯದು.

ಯಾವುದೂ ಆಗದೆ ಖಾಸಗಿಗೆ ದುಡ್ಡು ಕೊಡಲೇಬೇಕಾದರೆ ಹೆಸರಿನ ಮುಂದಿನ "ಕೌನ್ಸೆಲರ್" ನೋಡಿ ಹೋಗಬೇಡಿ, ಆ ಬೋರ್ಡ್ ಯಾರು ಬೇಕಾದರೂ ಹಾಕಿಕೊಳ್ಳುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಸಂಖ್ಯೆ ಇರುತ್ತದೆ, ಕೇಳಿದರೆ ಹೇಳಬೇಕು.

ಸಾಯುವ ಮಾತು ಆಡುತ್ತಿದ್ದರೆ, ಅಥವಾ ಏನಾದರೂ ಮಾಡಿಕೊಂಡಿದ್ದರೆ, ಮಂಗಳವಾರಕ್ಕೆ ಕಾಯಬೇಡಿ. 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ, ಒಬ್ಬರನ್ನೇ ಬಿಡಬೇಡಿ. ಪೊಲೀಸ್ ಕೇಸ್ ಆಗುತ್ತೆ ಅಂತ ಹೆದರಿ ಮನೆಯಲ್ಲೇ ಇಟ್ಟುಕೊಳ್ಳುವವರು ಈಗಲೂ ಇದ್ದಾರೆ. ಸಾಯಲು ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಕಾನೂನು ಈಗ ಭಾವಿಸುತ್ತದೆ, ಅವರ ಆರೈಕೆ ಸರ್ಕಾರದ ಹೊಣೆ.

ಮೊದಲ ಭೇಟಿ ಮುಗಿಸಿ ಏಳುವ ಮುಂಚೆ ಇನ್ನೊಂದು ಕೆಲಸ ಮಾಡಿ. ಮುಂದಿನ ಸಲ ಯಾವತ್ತು ಬರಬೇಕು, ಇವರೇ ಇರುತ್ತಾರಾ ಅಂತ ಕೇಳಿ ಚೀಟಿಯ ಹಿಂದೆ ಬರೆಸಿಕೊಳ್ಳಿ. ಪ್ರತಿ ಸಲ ಹೊಸಬರ ಮುಂದೆ ಮೊದಲಿನಿಂದ ಎಲ್ಲ ಹೇಳುವುದು ತುಂಬ ಕಷ್ಟ. ತಮ್ಮ ಐದು ಸಲ ಹೋದ, ಐದೂ ಸಲ ಅದೇ ಸೋಶಿಯಲ್ ವರ್ಕರ್ ಮೇಡಂ ಹತ್ತಿರ. ಮೂರನೇ ಸಲದಿಂದ ಬಸ್ ಹತ್ತಿ ಅವನೇ ಹೋಗಿ ಬರುತ್ತಿದ್ದ.