ಕಲಾ ಸಂಸ್ಥೆಗೆ ಗ್ರಾಂಟ್ ಕೇಳೋದು ಹೇಗೆ? ಮೊದಲು ಬಜೆಟ್ ಸರಿ ಮಾಡ್ಕೊಳ್ಳಿ

ನಾಟಕ ತಂಡದವರು, ಸಂಗೀತ ಸಂಸ್ಥೆಯವರು, ಸಣ್ಣ ಮ್ಯೂಸಿಯಂ ನಡೆಸೋರು ಬರೆದ ಗ್ರಾಂಟ್ ಅರ್ಜಿಗಳನ್ನ ಸಾಕಷ್ಟು ಓದಿದೀನಿ. ಮೊದಲ ಎರಡು ಪುಟ ಅದ್ಭುತವಾಗಿರುತ್ತೆ, ಬಜೆಟ್ ಪುಟ ತೆಗೆದ್ರೆ ತಲೆ ಚಚ್ಕೋಬೇಕು ಅನ್ಸುತ್ತೆ.

1. ಯಾರನ್ನ ಕೇಳೋದು: ಫೌಂಡೇಶನ್‌ನೋರು ತಮ್ಮ ಬಗ್ಗೆ ಏನು ಬರ್ಕೊಂಡಿದಾರೆ ಅನ್ನೋದನ್ನ ಬಿಡಿ, ಹಿಂದಿನ ವರ್ಷಗಳಲ್ಲಿ ಯಾರಿಗೆ ಎಷ್ಟು ಕೊಟ್ಟಿದಾರೆ ನೋಡಿ. ದಾನಿಗಳ ಇಮೇಲ್ ಪಟ್ಟಿ ಅಂತ ದುಡ್ಡಿಗೆ ಮಾರ್ತಾರಲ್ಲ, ಅದನ್ನಂತೂ ಕೊಳ್ಳಲೇಬೇಡಿ.

2. ಯೋಜನೆ: ಎರಡು ಪುಟ ಸಾಕು. ರೆಡಿಮೇಡ್ ಟೆಂಪ್ಲೇಟ್ ಬೇಡ, ಬೇರೆ ತಂಡದ ಹೆಸರು ಹಾಗೇ ಉಳ್ಕೊಂಡಿರೋ ಅರ್ಜಿಗಳೂ ಬರ್ತವೆ!

3. ಬಜೆಟ್: ಎಲ್ಲರೂ ಎಡವೋದು ಇಲ್ಲೇ. ಕಮ್ಮಿ ಖರ್ಚು ತೋರಿಸಿದ್ರೆ ಗ್ರಾಂಟ್ ಸಿಗುತ್ತೆ ಅಂದ್ಕೊಂಡು ತಮ್ಮ ಸಂಬಳನೇ ಬಿಟ್ಬಿಡ್ತಾರೆ, ರಿಹರ್ಸಲ್ ದಿನಗಳಿಗೆ ಸಂಭಾವನೆ ಇಲ್ಲ, ಶೋ ದಿನಕ್ಕೆ ಮಾತ್ರ, ಸ್ಕ್ರಿಪ್ಟ್ ಹಕ್ಕಿನ ದುಡ್ಡು ಇಲ್ಲ, ಆಡಿಟ್ ಫೀ ಇಲ್ಲ, ಕೊನೇಲಿ ಮಾತ್ರ "ಇತರೆ" ಅಂತ ಒಂದು ದಪ್ಪ ಮೊತ್ತ. ಆ "ಇತರೆ" ನೋಡಿದ ತಕ್ಷಣ ಓದೋರಿಗೆ ಅನುಮಾನ ಶುರು.

ಟಿಕೆಟ್ ದುಡ್ಡಲ್ಲಿ ಖರ್ಚು ಹುಟ್ಟಲ್ಲ ಅಂತ ಹೇಳ್ಕೊಳ್ಳೋಕೆ ನಾಚಿಕೆ ಯಾಕೆ? ಬೌಮೊಲ್ ಮತ್ತು ಬೊವೆನ್ ಅನ್ನೋ ಅರ್ಥಶಾಸ್ತ್ರಜ್ಞರು 1966ರಲ್ಲೇ ಇದನ್ನ ಬಿಡಿಸಿ ಹೇಳಿದ್ರು. ಫ್ಯಾಕ್ಟರೀಲಿ ಯಂತ್ರ ಬಂದು ಕೆಲಸ ಬೇಗ ಆಗುತ್ತೆ, ಕೂಲೀನೂ ಏರುತ್ತೆ, ಆದ್ರೆ ನಾಲ್ಕು ಜನ ನುಡಿಸೋ ಕ್ವಾರ್ಟೆಟ್‌ಗೆ ಇವತ್ತಿಗೂ ನಾಲ್ಕೇ ಜನ ಬೇಕು, ಅಷ್ಟೇ ಹೊತ್ತು ಬೇಕು, ಅವರ ಸಂಬಳ ಮಾತ್ರ ಉಳಿದೋರ ಜೊತೆ ಏರ್ಲೇಬೇಕು. ಹಾಗಾಗಿ ಆದಾಯಕ್ಕೂ ಖರ್ಚಿಗೂ ಇರೋ ಅಂತರಾನ ಧೈರ್ಯವಾಗಿ ಬರೀರಿ.

ಓವರ್‌ಹೆಡ್, ಅಂದ್ರೆ ಸಂಸ್ಥೆ ನಡೆಸೋಕೇ ಆಗೋ ಖರ್ಚು, ಇದರ ಲೆಕ್ಕ ಹೀಗೆ: ಬಾಡಿಗೆ, ಕರೆಂಟು, ಲೆಕ್ಕ ಬರೆಯೋರ ಸಂಬಳ ಎಲ್ಲ ಸೇರಿ ವರ್ಷಕ್ಕೆ 100 ಅಂದ್ಕೊಳ್ಳಿ. ನಿಮ್ಮ ಜನ ದುಡಿಯೋ ಹೊತ್ತಲ್ಲಿ ಕಾಲು ಭಾಗ ಈ ಪ್ರಾಜೆಕ್ಟಿಗೆ ಹೋದ್ರೆ, 25 ಇದರ ಬಜೆಟ್ಟಿಗೆ ಬರ್ಬೇಕು. ಕೆಲವರು ಓವರ್‌ಹೆಡ್‌ಗೆ ಮಿತಿ ಹಾಕಿರ್ತಾರೆ, ಮೊದಲೇ ಕೇಳ್ಕೊಳ್ಳಿ. ಅಮೆರಿಕದ ದಾನ ಸಂಸ್ಥೆ ಫೋರ್ಡ್ ಫೌಂಡೇಶನ್ 2015ರಲ್ಲಿ ತನ್ನ ಮಿತೀನ ಶೇ 10ರಿಂದ 20ಕ್ಕೆ ಏರಿಸ್ತು, ಅಂದ್ರೆ ಕೊಡೋರಿಗೂ ಇದು ಅರ್ಥ ಆಗ್ತಿದೆ. ಒಂದು ಪೈಸೆ ಓವರ್‌ಹೆಡ್ಡೂ ಕೊಡದೇ ಇರೋರ ದುಡ್ಡು ನನ್ನ ಪ್ರಕಾರ ಬೇಡವೇ ಬೇಡ, ಆ ಪ್ರಾಜೆಕ್ಟ್ ಮುಗಿಯೋ ಹೊತ್ತಿಗೆ ಸಂಸ್ಥೆ ಸಾಲದಲ್ಲಿರುತ್ತೆ.

ಮ್ಯಾಚಿಂಗ್ ಗ್ರಾಂಟ್ ಆದ್ರೆ ಇನ್ನೂ ಹುಷಾರು. 1965ರಲ್ಲಿ ಶುರುವಾದ ನ್ಯಾಷನಲ್ ಎಂಡೋಮೆಂಟ್ ಫಾರ್ ದಿ ಆರ್ಟ್ಸ್ ಅನ್ನೋ, ಕಲೆಗೆ ದುಡ್ಡು ಕೊಡೋ ಅಮೆರಿಕ ಸರ್ಕಾರದ ಸಂಸ್ಥೇಲಿ ಸಾಮಾನ್ಯವಾಗಿ ಅವರು ಕೊಟ್ಟಷ್ಟೇ ನೀವೂ ಬೇರೆ ಕಡೆಯಿಂದ ಹೊಂದಿಸ್ಬೇಕು, 10,000 ಡಾಲರ್ ಕೇಳಿದ್ರೆ ಪ್ರಾಜೆಕ್ಟ್ ಕನಿಷ್ಠ 20,000ದ್ದು ಆಗಿರ್ಬೇಕು. ಪುಕ್ಕಟೆ ಸಿಕ್ಕ ಹಾಲ್, ವಾಲಂಟಿಯರ್‌ಗಳ ದುಡಿಮೆ ಇದನ್ನೆಲ್ಲ ಬೆಲೆ ಕಟ್ಟಿ ಆದಾಯದಲ್ಲೂ ತೋರಿಸಿ, ಖರ್ಚಲ್ಲೂ ತೋರಿಸಿ. ಒಂದೇ ಕಡೆ ಹಾಕಿದ್ರೆ ಲೆಕ್ಕ ಕೂಡಲ್ಲ. ಬೇರೆಯವರ ಹತ್ರ ಕೇಳಿರೋ ದುಡ್ಡನ್ನ "ಖಚಿತ", "ಇನ್ನೂ ಉತ್ತರ ಬಂದಿಲ್ಲ" ಅಂತ ಬೇರೆ ಬೇರೆ ಬರೀರಿ. ಸುಳ್ಳು ಹೇಳ್ಬೇಡಿ, ಕೊಡೋರು ಒಬ್ಬರಿಗೊಬ್ರು ಫೋನ್ ಮಾಡ್ತಾರೆ.

ಇದೆಲ್ಲ ತಲೆನೋವು, ಕ್ರೌಡ್‌ಫಂಡಿಂಗ್ ಮಾಡಿ ಜನರಿಂದಲೇ ಆನ್‌ಲೈನಲ್ಲಿ ದುಡ್ಡು ಸೇರಿಸ್ತೀವಿ ಅನ್ನೋರಿಗೆ: ಕಿಕ್‌ಸ್ಟಾರ್ಟರ್ ಅನ್ನೋ ವೆಬ್‌ಸೈಟಲ್ಲಿ ಗುರಿ ಮುಟ್ಟದಿದ್ರೆ ಒಂದು ಪೈಸೆನೂ ಕೈಗೆ ಬರಲ್ಲ.

4. ದುಡ್ಡು ಬಂದ್ಮೇಲೆ: ಪ್ರತ್ಯೇಕ ಲೆಕ್ಕ ಇಡಿ, ಬಿಲ್ ಜೋಪಾನ ಮಾಡಿ. ಶೋ ಮುಂದಕ್ಕೆ ಹೋಗೋ ಹಾಗಿದ್ರೆ ರಿಪೋರ್ಟ್ ಕೊಡೋ ದಿನದವರೆಗೆ ಕಾಯದೆ ಅವತ್ತೇ ಮೇಲ್ ಹಾಕಿ, ತಾರೀಕು ಬದಲಾಯಿಸೋಕೆ ಅವರ ಒಪ್ಪಿಗೆ ಬರಹದಲ್ಲೇ ತಗೊಳ್ಳಿ.